ಗಂಡಸರು ಸೂಜಿ ಹಿಡಿದರೆ ಕಲೆ, ಹೆಂಗಸರು ಹಿಡಿದರೆ ಮನೆಗೆಲಸ? ಮೈಸೂರು-ಮಂಡ್ಯದವರು ಏನಂತೀರಿ?

ಕುಂಚ_ಸೂಜಿ (ಮೈಸೂರು)

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ತಲೆಯಲ್ಲಿ ಕೊರೆಯುತ್ತಿರುವ ವಿಷಯ ಇದು. ಇಲ್ಲಿ ಕಸುಬಿನವರೂ ಇದ್ದೀರಿ, ಕಲಾವಿದರೂ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ಕಸೂತಿ, ನೇಯ್ಗೆ, ಕೌದಿ, ಮಣಿ ಪೋಣಿಸೋದು, ಮಡಕೆ ಮಾಡೋದು, ಇವನ್ನೆಲ್ಲ ಗಂಡು ಕಲಾವಿದರು ಗ್ಯಾಲರಿಗೆ ತಂದಿದ್ದಾರೆ. ಇಂಗ್ಲೆಂಡಿನ ಗ್ರೇಸನ್ ಪೆರಿ ಮಡಕೆ ಮಾಡಿಯೇ 2003ರಲ್ಲಿ ಟರ್ನರ್ ಕಲಾ ಪ್ರಶಸ್ತಿ ಪಡೆದರು. ಅಮೆರಿಕದ ನಿಕ್ ಕೇವ್ 1992ರಿಂದ ಕಡ್ಡಿ, ಗುಂಡಿ, ಮಣಿ, ಹಳೆ ಬಟ್ಟೆ ಹೊಲಿದು ಮೈತುಂಬ ತೊಡುವ ವೇಷ ಮಾಡುತ್ತಿದ್ದಾರೆ. ಲಾಸ್ ಏಂಜಲೀಸ್ ಪೊಲೀಸರು ರಾಡ್ನಿ ಕಿಂಗ್ ಎಂಬ ಕಪ್ಪು ಮನುಷ್ಯನನ್ನು ಹೊಡೆದ ಘಟನೆ ಅವರನ್ನು ಅದಕ್ಕೆ ಹಚ್ಚಿತು. ವೇಷ ತೊಟ್ಟವನು ಕಪ್ಪೋ ಬಿಳಿಯೋ, ಗಂಡೋ ಹೆಣ್ಣೋ ಹೊರಗಿನವರಿಗೆ ಗೊತ್ತೇ ಆಗೋದಿಲ್ಲ. ಘಾನಾದಲ್ಲಿ ಹುಟ್ಟಿ ನೈಜೀರಿಯಾದಲ್ಲಿ ನೆಲೆಸಿದ ಎಲ್ ಅನಾಟ್ಸುಯಿ ಹೆಂಡದ ಬಾಟಲಿ ಮುಚ್ಚಳಗಳನ್ನು ಚಪ್ಪಟೆ ಮಾಡಿ, ತಾಮ್ರದ ತಂತಿಯಲ್ಲಿ ಹೆಣೆದು, ಗೋಡೆ ತುಂಬುವ ಬಟ್ಟೆಯಂಥದ್ದು ಮಾಡುತ್ತಾರೆ. ಹತ್ತಿರ ಹೋದರೆ ಲೋಹ, ದೂರ ನಿಂತರೆ ಘಾನಾದ ಬಣ್ಣಬಣ್ಣದ ಕೆಂಟೆ ನೇಯ್ಗೆ. 2015ರ ವೆನಿಸ್ ಬಿನಾಲೆ ಕಲಾ ಪ್ರದರ್ಶನದಲ್ಲಿ ಅವರಿಗೆ ಜೀವಮಾನ ಸಾಧನೆಯ ಚಿನ್ನದ ಸಿಂಹ ಸಿಕ್ಕಿತು.

ಇವರೆಲ್ಲರ ಮೇಲೂ ನನಗೆ ಪ್ರೀತಿ ಇದೆ. ನಾನೂ ಅದೇ ದಾರಿಯವನು. ಸೋದರತ್ತೆ ಧಾರವಾಡದವರು, ಅವರ ಹತ್ತಿರ ಕಸೂತಿ ಕಲಿತು ಈಗ ದಪ್ಪ ಹತ್ತಿ ಬಟ್ಟೆಯ ಮೇಲೆ ಮೈಸೂರಿನ ಬೀದಿಗಳನ್ನು ಹೊಲಿಯುತ್ತೇನೆ. ಎಲ್ಲಿ ತೋರಿಸಿದರೂ ಒಂದೇ ಮಾತು: "ಗಂಡಸಾಗಿ ಎಷ್ಟು ನಾಜೂಕಾಗಿ ಮಾಡಿದ್ದೀರಿ!" ಅತ್ತೆಗೆ ಈ ಮಾತು ಯಾರೂ ಹೇಳಲಿಲ್ಲ. ಅವರು ಹಾಕಿದ ಗೋಪುರ, ತೇರು, ಆನೆ ಇರುವ ಚಂದ್ರಕಾಳಿ ಸೀರೆ ನನ್ನ ಯಾವ ಕೆಲಸಕ್ಕಿಂತಲೂ ಮೇಲು. ಅದು ಟ್ರಂಕಿನಲ್ಲಿದೆ, ನನ್ನದು ಗೋಡೆಯ ಮೇಲಿದೆ.

ಇದು ಸರಿಯಾ? ಸರಿಯಲ್ಲ ಅಂದರೆ ಮಾಡಬೇಕಾದ್ದೇನು?

ಗವಂತಿ (ಕುವೆಂಪುನಗರ)

ನಾನೂ ಆ ಕಡೆಯವಳೇ, ಮದುವೆಯಾಗಿ ಮೈಸೂರಿಗೆ ಬಂದೆ. ತಮ್ಮಾ, ನಿನ್ನ ಅತ್ತೆಯ ಬಗ್ಗೆ ಬರೆದಿದ್ದು ಓದಿ ಖುಷಿಯಾಯಿತು.

ಕಸೂತಿ ನೋಡದವರಿಗಾಗಿ ಒಂದೆರಡು ಮಾತು. ಬಟ್ಟೆ ಮೇಲೆ ಪೆನ್ಸಿಲ್ ಗೆರೆ ಎಳೆಯೋದಿಲ್ಲ. ಬಟ್ಟೆಯ ಎಳೆ ಎಣಿಸಿಕೊಂಡೇ ಹೋಗಬೇಕು. ಗವಂತಿ ಹೊಲಿಗೆಯಲ್ಲಿ ಸೂಜಿ ಒಂದು ಮೇಲೆ ಒಂದು ಕೆಳಗೆ ಹಾಯುತ್ತಾ ಮುಂದೆ ಹೋಗುತ್ತದೆ, ವಾಪಸ್ ಬರುವಾಗ ಬಿಟ್ಟ ಜಾಗ ತುಂಬುತ್ತದೆ. ಗಂಟು ಹಾಕೋ ಹಾಗಿಲ್ಲ. ಸೆರಗು ತಿರುಗಿಸಿದರೆ ಹಿಂದೆಯೂ ಮುಂದಿನ ಹಾಗೇ ಕಾಣಬೇಕು. ಮುರಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನೇಗಿ ನೇಯ್ದ ಹಾಗೆ ಕಾಣುತ್ತದೆ. ಮೆಂಥಿಯಲ್ಲಿ ಅಡ್ಡಡ್ಡ ಹೊಲಿಗೆಯಿಂದ ಒಳಗೆ ತುಂಬುತ್ತಾರೆ. ಒಂದು ಎಳೆ ತಪ್ಪಿ ಎಣಿಸಿದರೆ ಎರಡು ಗೇಣು ದೂರದಲ್ಲಿ ತೇರಿನ ಚಕ್ರ ಕೂಡೋದೇ ಇಲ್ಲ, ಅಷ್ಟೂ ಬಿಚ್ಚಬೇಕು. ಇದರಲ್ಲಿ ಲೆಕ್ಕ ಇದೆ, ಯೋಜನೆ ಇದೆ, ಬಣ್ಣದ ತಿಳಿವಳಿಕೆ ಇದೆ. ಆದರೂ "ಹೆಂಗಸರು ಬಿಡುವಿನಲ್ಲಿ ಮಾಡೋ ಕೆಲಸ" ಅಂತಲೇ ಹೇಳುತ್ತಾರೆ. ಬಿಡುವು ಯಾರಿಗಿತ್ತು? ಅಡುಗೆ, ಮಕ್ಕಳು, ದನ ಎಲ್ಲ ಮುಗಿಸಿ ಕೂರುತ್ತಿದ್ದರು.

ಗಂಡಸರು ಮಾಡಬಾರದು ಅಂತ ನಾನು ಹೇಳೋದಿಲ್ಲ. ಮಾಡಲಿ, ಜಾಸ್ತಿ ಜನ ಮಾಡಲಿ. "ಕಸೂತಿಯನ್ನು ಕಲೆಯ ಮಟ್ಟಕ್ಕೆ ಏರಿಸಿದರು" ಅಂತ ಬರೆಯುತ್ತಾರಲ್ಲ, ಅದು ಮಾತ್ರ ಬೇಡ. ಅದು ಎಂದೂ ಕೆಳಗೆ ಇರಲಿಲ್ಲ.

ಟೈಲರ್_ಮಗ (ಮಂಡ್ಯ)

ಸ್ವಲ್ಪ ಬೇರೆ ಕಡೆಯಿಂದ ನೋಡೋಣ. ನಮ್ಮಲ್ಲಿ ಸೂಜಿ ಹೆಂಗಸರದ್ದು ಅಂತ ಯಾರು ಹೇಳಿದ್ದು? ಮಂಡ್ಯ ಪೇಟೆಯಲ್ಲಿ ಟೈಲರ್‌ಗಳು ಹೆಚ್ಚಿನವರು ಗಂಡಸರೇ. ಮದುವೆ ಬ್ಲೌಸಿಗೆ ಆರಿ ವರ್ಕ್ ಮಾಡೋರು, ಮರದ ಚೌಕಟ್ಟಿಗೆ ಬಟ್ಟೆ ಬಿಗಿದುಕೊಂಡು ಬೆಳಗಿನಿಂದ ಸಂಜೆವರೆಗೆ ಬಗ್ಗಿ ಕೂತಿರುತ್ತಾರಲ್ಲ, ಅವರಲ್ಲೂ ಗಂಡುಮಕ್ಕಳೇ ಜಾಸ್ತಿ. ಬಂಗಾಳದ ಕಡೆಯಿಂದ ಬಂದ ಹುಡುಗರೂ ಇದ್ದಾರೆ. ಮಗ್ಗದ ಮೇಲೆ ಕೂರೋದು, ಬೀಟೆ ಮರಕ್ಕೆ ಉಳಿ ಹಾಕೋದು, ಚನ್ನಪಟ್ಟಣದಲ್ಲಿ ಆಲೆ ಮರ ತಿರುಗಿಸಿ ಅರಗು ಹಚ್ಚೋದು, ಇದರಲ್ಲೆಲ್ಲ ಗಂಡಸರು ಮೊದಲಿಂದ ಇದ್ದಾರೆ.

ಹಾಗಾದರೆ ಗೆರೆ ಎಲ್ಲಿದೆ? ನಮ್ಮ ಮನೆಯದ್ದೇ ಹೇಳುತ್ತೇನೆ. ಕತ್ತರಿ ಹಾಕಿ ಮೆಷಿನ್ ತುಳಿಯುತ್ತಿದ್ದವರು ಅಪ್ಪ. ಕಾಜಾ, ಗುಂಡಿ, ಹೆಮ್ಮಿಂಗ್ ಅಮ್ಮನದು. ರಾತ್ರಿ ಅಪ್ಪ ಚೀಲದಲ್ಲಿ ಶರ್ಟ್‌ಗಳನ್ನು ತಂದರೆ ಬೆಳಿಗ್ಗೆಯೊಳಗೆ ಅಮ್ಮ ಮುಗಿಸಿ ಮಡಿಸಿಡುತ್ತಿದ್ದರು. ಅಮ್ಮನ ಕಾಜಾ ನೋಡೋದಕ್ಕೇ ಚೆಂದ, ಎರಡು ತುದಿಗೂ ಸಣ್ಣ ಅಡ್ಡ ಕಟ್ಟು ಹಾಕುತ್ತಿದ್ದರು, ಎಷ್ಟು ಒಗೆದರೂ ಹಿಂಜುತ್ತಿರಲಿಲ್ಲ. ಗಿರಾಕಿಗಳು ಅಪ್ಪನ ಫಿಟಿಂಗ್ ಹೊಗಳುತ್ತಿದ್ದರು. ಅಂಗಡಿ ಬೋರ್ಡಿನಲ್ಲಿ ಅಪ್ಪನ ಹೆಸರು. ದುಡ್ಡು ಸಿಗುವ ಕಡೆ ಗಂಡಸು, ಸಿಗದ ಕಡೆ ಹೆಂಗಸು. ಸೂಜಿ ಇಬ್ಬರ ಕೈಯಲ್ಲೂ ಇತ್ತು. ಗ್ಯಾಲರಿಯೂ ಒಂದು ಅಂಗಡಿ ಅಂದುಕೊಂಡರೆ ಅಲ್ಲಿ ನಡೆಯೋದೂ ಇದೇ ಅಲ್ವಾ?

ಇನ್ನೊಂದು. ನಮ್ಮ ಮೈಸೂರಿನ ಕಲಾವಿದ ಎನ್.ಎಸ್. ಹರ್ಷ ಅವರ 'ನೇಷನ್ಸ್' ಕೃತಿಯ ಫೋಟೊ ನೋಡಿದಾಗ ಮೈ ಜುಮ್ಮೆಂದಿತು. ವಿಶ್ವಸಂಸ್ಥೆಯಲ್ಲಿ ಎಷ್ಟು ದೇಶಗಳೋ ಅಷ್ಟು ಕಾಲು ತುಳಿಯುವ ಹೊಲಿಗೆ ಮೆಷಿನ್‌ಗಳು, ಒಂದೊಂದರಲ್ಲೂ ಒಂದು ದೇಶದ ಬಾವುಟ, ಮಧ್ಯೆ ಎಲ್ಲೆಲ್ಲೂ ಹಾದು ಸಿಕ್ಕು ಹಾಕಿಕೊಂಡ ದಾರ. 2007ರ ಕೃತಿ. ಮೆಷಿನ್ ಮುಂದೆ ಒಬ್ಬನೂ ಕೂತಿಲ್ಲ. ಅಪ್ಪನಿಗೆ ಆ ಫೋಟೊ ತೋರಿಸಿದೆ. ತುಂಬಾ ಹೊತ್ತು ನೋಡಿ, "ಹೊಲಿಯೋರು ಎಲ್ಲಿ ಹೋದರು?" ಅಂತ ಕೇಳಿದರು. ಕೃತಿ ಕೇಳಿಸಬೇಕೆಂದಿದ್ದ ಪ್ರಶ್ನೆ ಅದೇ ಅಂತ ನನ್ನ ನಂಬಿಕೆ.

ಡ್ರಾಯಿಂಗ್_ಮೇಷ್ಟ್ರು (ವಿಜಯನಗರ)

ಒಳ್ಳೆ ಚರ್ಚೆ. ಹರ್ಷ ಅವರ ಮಾತು ಬಂದಿದ್ದರಿಂದ ಸ್ವಲ್ಪ ಹಿನ್ನೆಲೆ. ಅವರು ಮೈಸೂರಿನಲ್ಲೇ ಹುಟ್ಟಿ, ನಮ್ಮ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು, ಅದೇ ಕಾವಾದಲ್ಲಿ ಓದಿ, ಆಮೇಲೆ ಬರೋಡಾದ ಲಲಿತಕಲಾ ವಿಭಾಗಕ್ಕೆ ಹೋದವರು. 2008ರಲ್ಲಿ ವೇಲ್ಸ್‌ನ ಆರ್ಟೆಸ್ ಮುಂಡಿ ಕಲಾ ಬಹುಮಾನ ಪಡೆದರು. ಶಿಲ್ಪಿ ಎಲ್.ಎನ್. ತಲ್ಲೂರು ಅವರದ್ದೂ ಅದೇ ದಾರಿ, ಕಾವಾ ಆಮೇಲೆ ಬರೋಡಾ. ಸಾಂಪ್ರದಾಯಿಕ ಮರದ ಕೆತ್ತನೆ, ಕಂಚಿನ ಎರಕ ಇವನ್ನು ಸಿಮೆಂಟು, ಯಂತ್ರಗಳ ಜೊತೆ ಸೇರಿಸಿ ಬೇರೆಯೇ ಅರ್ಥ ಹುಟ್ಟಿಸುತ್ತಾರೆ.

ಇಬ್ಬರೂ ಹೋದ ಬರೋಡಾದಲ್ಲಿ, ಹಿಂದೆ ಅಲ್ಲಿ ಪಾಠ ಮಾಡಿದ ಕಲಾವಿದ ಕೆ.ಜಿ. ಸುಬ್ರಹ್ಮಣ್ಯನ್ ಹಾಕಿಕೊಟ್ಟ ದಾರಿ ಇತ್ತು. ಅವರು ಮುಂಬೈಯ ಕೈಮಗ್ಗ ಮಂಡಳಿಯಲ್ಲಿ ನೇಕಾರರ ಜೊತೆ ಕೆಲಸ ಮಾಡಿದವರು. ಕಲೆ ಬೇರೆ ಕಸುಬು ಬೇರೆ ಅಂತ ಒಪ್ಪಿದವರೇ ಅಲ್ಲ. ಬರೋಡಾದ ಕಲಾ ಮೇಳದಲ್ಲಿ ಮೇಷ್ಟ್ರುಗಳೂ ಹುಡುಗರೂ ಸೇರಿ ಆಟಿಕೆ ಮಾಡಿ ಮಾರುತ್ತಿದ್ದರು. ಸುಡುಮಣ್ಣಿನ ಉಬ್ಬುಫಲಕಗಳನ್ನು ಸುಬ್ರಹ್ಮಣ್ಯನ್ ಸ್ವತಃ ಕೈಯಲ್ಲಿ ಮಾಡಿದರು. ನಮ್ಮೂರಿನ ಕಾವಾದ ಬೇರೂ ಅಂಥದ್ದೇ. ಅರಸರ ಕಾಲದಲ್ಲಿ ಸಯ್ಯಾಜಿರಾವ್ ರಸ್ತೆಯಲ್ಲಿ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ ಶುರುವಾದಾಗ ಅಲ್ಲಿ ಚಿತ್ರಕಲೆಯ ಜೊತೆ ಮರಗೆಲಸ, ಕೆತ್ತನೆ ಎಲ್ಲ ಒಂದೇ ಸೂರಿನಡಿ ಇತ್ತು.

ಆದರೆ ಯಾರ ಹೆಸರು ಹಾಕಬೇಕು ಅನ್ನೋ ವಿಷಯದಲ್ಲಿ ನನಗೆ ಭಿನ್ನಾಭಿಪ್ರಾಯ. ಕಲ್ಪನೆ ಯಾರದೋ, ಕೃತಿಯೂ ಅವರದೇ. ಚೀನಾದ ಕಲಾವಿದ ಐ ವೇವೇ 2010ರಲ್ಲಿ ಲಂಡನ್ನಿನ ಕಲಾ ಮ್ಯೂಸಿಯಂ ಟೇಟ್ ಮಾಡರ್ನ್‌ನಲ್ಲಿ ಹತ್ತು ಕೋಟಿ ಪಿಂಗಾಣಿ ಸೂರ್ಯಕಾಂತಿ ಬೀಜ ಹರಡಿದರು. ಒಂದೊಂದನ್ನೂ ಜಿಂಗ್‌ಡೆಜೆನ್ ಊರಿನ ಕುಶಲಕರ್ಮಿಗಳು ಕೈಯಲ್ಲೇ ಬಣ್ಣ ಹಾಕಿ ಮಾಡಿದ್ದು, ಸುಮಾರು 1,600 ಜನ. ಅವರೆಲ್ಲರ ಹೆಸರು ಗೋಡೆಗೆ ಹಾಕಬೇಕು ಅಂದರೆ ಹೇಗೆ? ಮನೆ ಕಟ್ಟಿದ ಗಾರೆಯವನ ಹೆಸರನ್ನು ಯಾರೂ ಬಾಗಿಲಿಗೆ ಬರೆಯೋದಿಲ್ಲ.

ಮಂಡಿಮೊಹಲ್ಲಾ_ಹುಡುಗ

ಮೇಷ್ಟ್ರೇ, ನಮಸ್ಕಾರ. ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಇದು ಗಾರೆ ಕೆಲಸದ ಹಾಗಲ್ಲ.

ನಮ್ಮ ಮನೆಯಲ್ಲಿ ಇನ್‌ಲೇ ಕೆಲಸ. ತಾತ ಆನೆದಂತದಲ್ಲಿ ಮಾಡಿದವರು, ಅರಮನೆಯ ಬಾಗಿಲುಗಳಲ್ಲಿ ಬೀಟೆಯೊಳಗೆ ಬೆಳ್ಳಗೆ ಕಾಣುತ್ತಲ್ಲ, ಆ ಥರದ್ದು. ದಂತದ ವ್ಯಾಪಾರ ನಿಂತ ಮೇಲೆ ಬೇರೆ ಬೇರೆ ಮರಗಳಲ್ಲೇ ಬಣ್ಣ ಹುಡುಕಿಕೊಂಡರು. ಹಳದಿಗೆ ಹಲಸು, ಕೆಂಪಿಗೆ ಪಡಾಕ್, ಕಂದು ಬಣ್ಣಕ್ಕೆ ತೇಗ, ಕಪ್ಪಿಗೆ ಬೀಟೆಯ ಒಳಗಿನ ಭಾಗ. ಬಣ್ಣ ಬಳಿಯೋದು ಇಲ್ಲ, ಮರ ಯಾವ ಬಣ್ಣ ಕೊಡುತ್ತೋ ಅದೇ. ಡಿಸೈನ್ ಕಾಗದವನ್ನು ತುಂಡು ತುಂಡಾಗಿ ಕತ್ತರಿಸಿ ಮರದ ತೆಳು ಹಲಗೆಗೆ ಅಂಟಿಸಿ, ತಂತಿಯಷ್ಟು ಸಣ್ಣ ಗರಗಸದಲ್ಲಿ ಕೊಯ್ಯುತ್ತಾರೆ. ಆ ತುಂಡನ್ನು ಬೀಟೆ ಹಲಗೆ ಮೇಲೆ ಇಟ್ಟು ಸುತ್ತ ಗೀಚಿ, ಅಷ್ಟೇ ಆಳಕ್ಕೆ ಉಳಿಯಲ್ಲಿ ತೋಡಿ, ಕೂರಿಸಿ ಅಂಟು ಹಾಕುತ್ತಾರೆ. ಆಮೇಲೆ ಉಪ್ಪುಕಾಗದ, ಪಾಲಿಶ್. ಉಪ್ಪುಕಾಗದ ತಿಕ್ಕೋದು ನಮ್ಮನೇಲಿ ಅಮ್ಮಿ ಮತ್ತು ಅಕ್ಕ. ಟೈಲರ್ ಅಣ್ಣ ಹೇಳಿದ ಕಾಜಾ ಕಥೆ ಇಲ್ಲೂ ಇದೆ.

ಈಗ ನಿಮ್ಮ 'ಕಲ್ಪನೆ' ವಿಷಯಕ್ಕೆ ಬರುತ್ತೇನೆ. ಒಬ್ಬ ಕಲಾವಿದರು ಅಬ್ಬಾಗೆ ಒಂದು ಡ್ರಾಯಿಂಗ್ ತಂದುಕೊಟ್ಟರು. ಕೆರೆ, ದಡದಲ್ಲಿ ಟ್ರಾಕ್ಟರ್, ಹಿಂದೆ ಹೊಸ ಲೇಔಟಿನ ಕಲ್ಲುಗಳು. ಕೆರೆ ಇರುವ ಜಾಗದಲ್ಲಿ ಪೆನ್ಸಿಲ್‌ನಲ್ಲಿ 'ನೀರು' ಅಂತ ಬರೆದಿದ್ದರು, ಅಷ್ಟೇ. ಅಬ್ಬಾ ಮನೆಯಲ್ಲಿದ್ದ ತುಂಡುಗಳನ್ನೆಲ್ಲ ಹರಡಿಕೊಂಡು, ಒಂದೊಂದನ್ನೂ ಕಿಟಕಿ ಬೆಳಕಿಗೆ ಹಿಡಿದು ನೋಡುತ್ತಾ ಕೂತರು. ಕೊನೆಗೆ ಒಂದು ತೇಗದ ತುಂಡು ಆರಿಸಿದರು. ಅದರ ನರಗಳು ಉದ್ದಕ್ಕೆ ಓಡುತ್ತಿದ್ದವು. ಅದನ್ನು ಅಡ್ಡ ತಿರುಗಿಸಿ ಕೊಯ್ದರು. ಕೂರಿಸಿದ ಮೇಲೆ ಗಾಳಿಗೆ ಅಲೆ ಎದ್ದ ಹಾಗೆ ಕಂಡಿತು. ದಡದ ಹತ್ತಿರ ಮಾತ್ರ ನರ ಇಲ್ಲದ ಸಪಾಟು ತುಂಡು ಹಾಕಿದರು, ನೀರು ಬತ್ತಿ ಕೆಸರಾದ ಹಾಗೆ. ಅದು ಡ್ರಾಯಿಂಗಿನಲ್ಲಿ ಇರಲೇ ಇಲ್ಲ. ಪ್ರದರ್ಶನದಲ್ಲಿ ಎಲ್ಲರೂ ಮೆಚ್ಚಿದ್ದು ಆ ಕೆರೆಯನ್ನೇ.

ಗೋಡೆಯ ಚೀಟಿಯಲ್ಲಿ ಕಲಾವಿದರ ಹೆಸರು, ಕೃತಿಯ ಹೆಸರು, ಕೆಳಗೆ 'ಮರದ ಇನ್‌ಲೇ' ಅಂತ. ಅಬ್ಬಾನ ಹೆಸರು ಹಾಕಿ ಅಂತ ನಾನು ಕೇಳಿದೆ. "ಸಾಮಗ್ರಿ ಬರೆದಿದ್ದೀವಲ್ಲ" ಅಂದರು ಆಯೋಜಕರು. ನಮ್ಮಪ್ಪ ಸಾಮಗ್ರಿ ಅಲ್ಲ.

ಗವಂತಿ (ಕುವೆಂಪುನಗರ)

ಮಗಾ, ಓದಿ ಕಣ್ಣು ತುಂಬಿತು. ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ಹೇಳು.

ಇದಕ್ಕೆ ಹೊಂದುವ ಒಂದು ಸಂಗತಿ ನೆನಪಾಯಿತು. ಇಟಲಿಯ ಕಲಾವಿದ ಅಲಿಗಿಯೆರೊ ಬೊಯೆಟ್ಟಿ 1971ರಿಂದ ಪ್ರಪಂಚದ ನಕ್ಷೆಗಳನ್ನು ಕಸೂತಿಯಲ್ಲಿ ಮಾಡಿಸಿದ. ಒಂದೊಂದು ದೇಶದ ಜಾಗದಲ್ಲಿ ಅದರ ಬಾವುಟ. ಹೊಲಿದವರು ಅಫ್ಘಾನಿಸ್ತಾನದ ಹೆಂಗಸರು. ಸೋವಿಯತ್ ಸೇನೆ ನುಗ್ಗಿದ ಮೇಲೆ ಪೇಶಾವರದ ನಿರಾಶ್ರಿತರ ಕೈಯಲ್ಲಿ ಕೆಲಸ ಮುಂದುವರಿಯಿತು. ಅಫ್ಘಾನಿಸ್ತಾನಕ್ಕೆ ಸಮುದ್ರವಿಲ್ಲ. ಸಮುದ್ರಕ್ಕೆ ನೀಲಿಯೇ ಹಾಕಬೇಕು ಅಂತ ಅವರಿಗೇನೂ ಕಟ್ಟುಪಾಡಿರಲಿಲ್ಲ. ಒಂದು ನಕ್ಷೆ ಗುಲಾಬಿ ಸಮುದ್ರದೊಂದಿಗೆ ಬಂತು. ಬೊಯೆಟ್ಟಿ ಅದನ್ನು ತಿದ್ದಿಸಲಿಲ್ಲ, ಆಮೇಲೆ ಸಮುದ್ರದ ಬಣ್ಣ ಅವರಿಗೇ ಬಿಟ್ಟ. ಈಗ ಆ ನಕ್ಷೆಗಳು ದೊಡ್ಡ ದೊಡ್ಡ ಮ್ಯೂಸಿಯಂಗಳಲ್ಲಿವೆ. ಜನ ಆ ಬಣ್ಣಗಳನ್ನೇ ಕೊಂಡಾಡುತ್ತಾರೆ. ಗುಲಾಬಿ ದಾರ ಆರಿಸಿದವಳ ಹೆಸರು ಚೀಟಿಯಲ್ಲಿಲ್ಲ.

ಮೇಷ್ಟ್ರೇ, ಕಲ್ಪನೆ ಒಬ್ಬರದ್ದೇ ಅಂತ ಇನ್ನೂ ಹೇಳುತ್ತೀರಾ?

ಸೋಮನಾಥಪುರ_ಸುತ್ತಾಟ (ತಿ. ನರಸೀಪುರ)

ಹೆಸರು ಹಾಕೋದು ಪಾಶ್ಚಾತ್ಯರ ರೂಢಿ, ನಮ್ಮಲ್ಲಿ ಶಿಲ್ಪಿಗಳು ಹೆಸರಿಲ್ಲದೆ ಭಕ್ತಿಯಿಂದ ಮಾಡುತ್ತಿದ್ದರು ಅಂತ ಯಾರಾದರೂ ಹೇಳುವ ಮುಂಚೆ ನಾನು ಬರೆದುಬಿಡುತ್ತೇನೆ. ಪ್ರತಿ ಸಲ ಇಂಥ ಚರ್ಚೆಯಲ್ಲಿ ಆ ಮಾತು ಬಂದೇ ಬರುತ್ತದೆ.

ಮೈಸೂರಿನಿಂದ ಬಸ್ಸು ಹತ್ತಿ ಸೋಮನಾಥಪುರಕ್ಕೆ ಬನ್ನಿ. ಹೊಯ್ಸಳರ ದಂಡನಾಯಕ ಸೋಮನಾಥ 13ನೇ ಶತಮಾನದಲ್ಲಿ ಕಟ್ಟಿಸಿದ ಕೇಶವ ದೇವಾಲಯ, 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹೊರಗೋಡೆಯ ಮೂರ್ತಿಗಳ ಪೀಠ ನೋಡಿ. ಮಲ್ಲಿತಮ್ಮ, ಮಸಣಿತಮ್ಮ, ಚೌಡಯ್ಯ, ಬಾಲಯ್ಯ ಅಂತ ಕೆತ್ತಿದವರ ಹೆಸರುಗಳಿವೆ. ಮಲ್ಲಿತಮ್ಮನ ಹೆಸರು ಎಷ್ಟೋ ಮೂರ್ತಿಗಳ ಕೆಳಗಿದೆ, ಕೆಲವು ಕಡೆ 'ಮ' ಅಂತ ಒಂದೇ ಅಕ್ಷರ. ದುಡ್ಡು ಕೊಟ್ಟ ದಂಡನಾಯಕನ ಹೆಸರು ಶಾಸನದಲ್ಲಿದೆ, ಉಳಿ ಹಿಡಿದವನ ಹೆಸರು ಮೂರ್ತಿಯ ಬುಡದಲ್ಲಿದೆ. ಎರಡಕ್ಕೂ ಜಾಗ ಇತ್ತು. ಆ ಗೋಡೆಯ ಮೇಲೆ ಒಂದು ಬೆರಳಗಲ ಜಾಗವೂ ಖಾಲಿ ಬಿಟ್ಟಿಲ್ಲ, ಆದರೂ ಹೆಸರಿಗೆ ಜಾಗ ಮಾಡಿಕೊಂಡರು. ಬಿಳಿ ಗೋಡೆ ಇಟ್ಟುಕೊಂಡ ಗ್ಯಾಲರಿಯವರಿಗೆ ಜಾಗ ಇಲ್ಲ ಅಂದರೆ ನಂಬೋದು ಕಷ್ಟ.

ಡ್ರಾಯಿಂಗ್_ಮೇಷ್ಟ್ರು (ವಿಜಯನಗರ)

ಕೆರೆಯ ವಿಷಯ ಓದಿದೆ. ಎರಡು ಸಲ ಓದಿದೆ. ಅದು ಬರೀ ಕೈಕೆಲಸ ಅಲ್ಲ, ಒಪ್ಪುತ್ತೇನೆ. ಮರ ಆರಿಸಿದ್ದೇ ಚಿತ್ರ ಬಿಡಿಸಿದ ಹಾಗೆ.

ಆದರೂ ಒಂದು ವ್ಯತ್ಯಾಸ ಗುರುತಿಸಬೇಕು ಅಂತ ಅನಿಸುತ್ತದೆ. ಕಸುಬನ್ನು ತಾನೇ ಕಲಿತು ಮಾಡುವ ಕಲಾವಿದ ಒಬ್ಬ. ಬೆಂಗಳೂರಿನ ರವಿಕುಮಾರ್ ಕಾಶಿ ಕೈಕಾಗದ ಮಾಡೋದನ್ನು ಕಲಿಯಲು ಕೊರಿಯಾದವರೆಗೂ ಹೋದರು, ಅಲ್ಲಿಯ ಹಾಂಜಿ ವಿಧಾನ ಕಲಿತು ಬಂದು ತಾವೇ ತಿರುಳಿನಲ್ಲಿ ಕೈ ಅದ್ದುತ್ತಾರೆ. ಕುಂಚ_ಸೂಜಿ ಕೂಡ ತಾನೇ ಹೊಲಿಯುವವನು. ಇನ್ನೊಬ್ಬ ಮಾಡಿಸುವವನು. ಗ್ರೇಸನ್ ಪೆರಿ ಮಡಕೆಯನ್ನು ತಾನೇ ಮಾಡುತ್ತಾನೆ, ಆದರೆ ಅವನ ದೊಡ್ಡ ನೇಯ್ಗೆ ಪರದೆಗಳು ಬೆಲ್ಜಿಯಂನಲ್ಲಿ ಕಂಪ್ಯೂಟರ್ ಮಗ್ಗದಲ್ಲಿ ಆಗುತ್ತವೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಮಾಡಿಸುವವನಿಗೆ ಹೆಸರು ಹೇಳುವ ಹೊಣೆ ಜಾಸ್ತಿ.

ಕೊಡಿಯಾಲ_ಮಗ್ಗ (ಶ್ರೀರಂಗಪಟ್ಟಣ ತಾಲೂಕು)

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ನೇಕಾರರ ಮನೆಯ ಮಗಳು ನಾನು.

ಮಾಡುವವನು, ಮಾಡಿಸುವವನು ಅಂತ ಮೇಷ್ಟ್ರು ಹೇಳಿದ್ದು ಸರಿ. ಆದರೆ ಮಾಡುವವರು ಅನ್ನೋದರಲ್ಲೂ ಒಳಗೆ ಎಷ್ಟೋ ಜನ ಇರುತ್ತಾರೆ. ಸೀರೆ ನೇಯ್ದವರು ಅಂದರೆ ಮಗ್ಗದ ಮೇಲೆ ಕೂತ ಅಪ್ಪನೋ ಅಣ್ಣನೋ ಕಾಣುತ್ತಾರೆ. ಲಾಳಿಗೆ ಹೊಕ್ಕಿನ ನೂಲು ಸುತ್ತಿಕೊಟ್ಟವರು ಅಜ್ಜಿ. ಹಾಸು ಮುಗಿದಾಗ ಹಳೆ ಹಾಸಿನ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸುತ್ತಾರಲ್ಲ, ಸಾವಿರಾರು ಎಳೆ, ಅದು ಅಮ್ಮ ಮತ್ತು ಚಿಕ್ಕಮ್ಮ. ಬೆರಳ ತುದಿಗೆ ಬೂದಿ ಹಚ್ಚಿಕೊಂಡು ಹೊಸೆಯುತ್ತಿದ್ದರು, ಜಾರಬಾರದು ಅಂತ. ಒಂದು ಎಳೆ ತಪ್ಪಿ ಸೇರಿದರೆ ಸೀರೆ ಉದ್ದಕ್ಕೂ ಗೆರೆ ಬೀಳುತ್ತದೆ. ಕೂಲಿ ಬರೆಯುವಾಗ ಒಬ್ಬರ ಹೆಸರು.

ಮೈಸೂರು ರೇಷ್ಮೆ ನೋಡಿ. 1912ರಲ್ಲಿ ಅರಸರು ಶುರು ಮಾಡಿದ ಕಾರ್ಖಾನೆ. ಕಳ್ಳ ಮಾಲು ಬರಬಾರದು ಅಂತ ಸೀರೆಗೊಂದು ಸಂಖ್ಯೆ ಇರುತ್ತದೆ, ಒಳ್ಳೆಯದೇ. ಅದರ ಜೊತೆ ನೇಯ್ದವರ ಹೆಸರೂ ಇದ್ದಿದ್ದರೆ ಉಟ್ಟವರಿಗೂ ಸಂತೋಷ ಆಗುತ್ತಿತ್ತು ಅಂತ ನನಗೆ ಯಾವಾಗಲೂ ಅನಿಸುತ್ತದೆ.

ಆದರೆ ನನ್ನ ಮುಖ್ಯ ಮಾತು ಇದು. ಹೆಸರು ಬೇಕು, ಹೆಸರಷ್ಟೇ ಸಾಲದು. ಕಲಾವಿದರ ಕೃತಿ ದೊಡ್ಡ ಬೆಲೆಗೆ ಹೋದಾಗ ಕಸುಬಿನವರಿಗೆ ಸಿಕ್ಕಿದ್ದು ದಿನಗೂಲಿ. ಅದೇ ಕೃತಿ ಮತ್ತೊಮ್ಮೆ ಮಾರಾಟ ಆದರೆ ಏನೂ ಇಲ್ಲ. ಚೀಟಿಯಲ್ಲಿ ಹೆಸರು ಹಾಕಿ, ಕೈಗೆ ಅದೇ ಹಳೆ ಕೂಲಿ ಇಟ್ಟರೆ ಆ ಹೆಸರನ್ನು ಮನೆಗೆ ತಂದು ಏನು ಮಾಡೋದು? ಮಂಡಿಮೊಹಲ್ಲಾ ತಮ್ಮಾ, ನಿಮ್ಮ ತಂದೆಯವರನ್ನು ಕೇಳಿದ್ದೀರಾ, ಅವರಿಗೆ ಏನು ಬೇಕು ಅಂತ?

ಮಂಡಿಮೊಹಲ್ಲಾ_ಹುಡುಗ

ಕೇಳಿದೆ ಅಕ್ಕ. ಈಗಷ್ಟೇ ಕೇಳಿ ಬಂದು ಬರೆಯುತ್ತಿದ್ದೇನೆ.

ಹೆಸರು ಬೇಕು ಅಂದರು. ಮೊಹಲ್ಲಾ ಹೆಸರೂ ಬೇಕು ಅಂದರು, ಯಾಕೆಂದರೆ ನೋಡಿದವರು ಹುಡುಕಿಕೊಂಡು ಬಂದರೆ ನೇರವಾಗಿ ಆರ್ಡರ್ ಸಿಗುತ್ತದೆ. ಕಲಾವಿದರಿಗೆ ಇದೇ ಭಯ ಇರಬೇಕು, ತಮ್ಮನ್ನು ಬಿಟ್ಟು ಜನ ನೇರವಾಗಿ ನಮ್ಮ ಹತ್ತಿರ ಬಂದುಬಿಡುತ್ತಾರೆ ಅಂತ. ಅದಕ್ಕೆ ಅಬ್ಬಾ ಹೇಳಿದ್ದು: "ಅವರ ಡ್ರಾಯಿಂಗ್ ನಾನು ಬೇರೆಯವರಿಗೆ ಮಾಡಿಕೊಡಲ್ಲ. ನನ್ನ ಮರದ ಕೆಲಸವನ್ನು ಅವರು ತಮ್ಮದು ಅನ್ನಬಾರದು." ದುಡ್ಡಿನ ಬಗ್ಗೆ, ಮಾರಾಟವಾದರೆ ಪಾಲು ಅಂತ ಮೊದಲೇ ಮಾತಾಡಿದರೆ ಕೂಲಿ ಸ್ವಲ್ಪ ಕಮ್ಮಿ ಆದರೂ ಪರವಾಗಿಲ್ಲ ಅಂದರು. ಒಳ್ಳೆ ಬೀಟೆ ಸಿಗೋದೇ ಕಷ್ಟ ಆಗಿದೆ, ಮರದ ಖರ್ಚು ಮಾತ್ರ ಮುಂಗಡ ಬೇಕಂತೆ.

ಅಮ್ಮಿ ಪಕ್ಕದಲ್ಲೇ ಇದ್ದರು. "ತಿಕ್ಕಿದವರ ಹೆಸರು?" ಅಂದರು. ಅಬ್ಬಾ "ಅದೂ ಬರೀಲಿ" ಅಂದರು.

ಕುಂಚ_ಸೂಜಿ (ಮೈಸೂರು)

ಎಲ್ಲರಿಗೂ ಧನ್ಯವಾದ. ಗಂಡಸು ಹೆಂಗಸು ಅಂತ ಶುರು ಮಾಡಿದ ಮಾತು, ದುಡಿದ ಕೈ ಮತ್ತು ಹೆಸರು ಪಡೆದ ಕೈ ಅನ್ನೋ ಕಡೆ ಬಂದಿದೆ. ಗಂಡು ಕಲಾವಿದರಿಗೆ ಇಲ್ಲಿ ಹೊಣೆ ಜಾಸ್ತಿ ಅಂತ ನಾನು ನಂಬುತ್ತೇನೆ. "ಗಂಡಸಾಗಿಯೂ" ಅನ್ನೋ ಹೊಗಳಿಕೆ ನಮಗೆ ಪುಕ್ಕಟೆ ಸಿಗುತ್ತದೆ. ಅದು ಸಿಕ್ಕಿದಾಗಲೆಲ್ಲ ಕಲಿಸಿದವರನ್ನೂ ಜೊತೆಗೆ ಮಾಡಿದವರನ್ನೂ ಮುಂದೆ ತರಬೇಕು.

ಮುಂದಿನ ತಿಂಗಳು ಗೆಳೆಯರು ಸೇರಿ ಮೈಸೂರಿನಲ್ಲಿ ಸಣ್ಣ ಪ್ರದರ್ಶನ ಮಾಡುತ್ತಿದ್ದೇವೆ. ಚೀಟಿ ಹೀಗೆ ಬರೆಯೋಣ ಅಂತ ಯೋಚನೆ: ಮೊದಲ ಸಾಲು ಕೃತಿಯ ಹೆಸರು. ಎರಡನೇ ಸಾಲು ಚಿತ್ರ ಯಾರದು. ಮೂರನೇ ಸಾಲು ಕೈಕೆಲಸ ಯಾರದು, ಅದೇ ಅಳತೆಯ ಅಕ್ಷರದಲ್ಲಿ, ಊರು ಅಥವಾ ಮೊಹಲ್ಲಾ ಸೇರಿಸಿ. ಮನೆಯವರು ಕೈ ಹಾಕಿದ್ದರೆ ಅವರ ಹೆಸರು. ನನ್ನಂತೆ ತಾವೇ ಮಾಡಿದವರಾದರೆ ಕಲಿಸಿದವರ ಹೆಸರು. ಅತ್ತೆಯ ಚಂದ್ರಕಾಳಿ ಸೀರೆಯನ್ನೂ ಅದೇ ಗೋಡೆಗೆ ಹಾಕುತ್ತೇನೆ, ಅವರ ಹೆಸರಿನಲ್ಲೇ. ಮಾರಾಟಕ್ಕಲ್ಲ ಅಂತ ಅವರೇ ಖಡಾಖಂಡಿತವಾಗಿ ಹೇಳಿದ್ದಾರೆ.

ಡ್ರಾಯಿಂಗ್_ಮೇಷ್ಟ್ರು (ವಿಜಯನಗರ)

ಎರಡನೇ, ಮೂರನೇ ಸಾಲು ಬೇಡ. ಒಂದೇ ಸಾಲಿನಲ್ಲಿ ಇಬ್ಬರ ಹೆಸರೂ ಬರಲಿ. ಮೇಲೆ ಕೆಳಗೆ ಅಂದರೆ ಮತ್ತೆ ಅದೇ ಶುರುವಾಗುತ್ತದೆ. ಚೀಟಿ ಬರೆಯೋದಕ್ಕೆ ನಾನು ಬರುತ್ತೇನೆ, ಕೈಬರಹ ಇನ್ನೂ ಚೆನ್ನಾಗಿದೆ.

ಮಂಡಿಮೊಹಲ್ಲಾ_ಹುಡುಗ

ಮೇಷ್ಟ್ರೇ, ತುಂಬಾ ಸಂತೋಷ. ಕನ್ನಡದ ಜೊತೆ ಉರ್ದುವಿನಲ್ಲೂ ಬರೆಯಬಹುದಾ? ಅಮ್ಮಿಗೆ ಓದೋಕೆ ಬರೋದು ಅದು. ನಾನು ಬರೆದು ಕಳಿಸುತ್ತೇನೆ.

ಕೊಡಿಯಾಲ_ಮಗ್ಗ (ಶ್ರೀರಂಗಪಟ್ಟಣ ತಾಲೂಕು)

ಚೀಟಿಗೆ ಮುಂಚೆ ಒಪ್ಪಂದ ಬರೆದುಕೊಳ್ಳಿ. ಮುಂಗಡ ಎಷ್ಟು, ಮಾರಾಟವಾದರೆ ಪಾಲು ಎಷ್ಟು, ಮಾರಾಟವಾಗದಿದ್ದರೆ ಕೃತಿ ಯಾರ ಮನೆಯಲ್ಲಿರಬೇಕು, ಫೋಟೊ ಹಾಕುವಾಗ ಹೆಸರು ಹಾಕೋದು, ಈ ನಾಲ್ಕು ಇರಲಿ. ಬಾಯಿಮಾತು ಬೇಡ. ನಮ್ಮ ಮನೆಯಲ್ಲಿ ಕೂಲಿ ಬರೆದುಕೊಳ್ಳುವ ಹಳೆ ಪುಸ್ತಕದ ನಮೂನೆ ಇದೆ, ಯಾರು ಏನು ಮಾಡಿದರು ಅಂತ ಬೇರೆ ಬೇರೆ ಅಂಕಣ ಹಾಕಿ ಅದನ್ನು ತಿದ್ದುತ್ತೇನೆ. ನಾಳೆ ಸಂಜೆ ಇಲ್ಲೇ ಹಾಕುತ್ತೇನೆ, ನೋಡಿ ಹೇಳಿ.